ಗುಳಿಗೆ ಉರುಳಿಸುವ ಕೈ, ಕಡಲಂಚಿನ ಹಲಗೆ ಮನೆ: 19ನೇ ಶತಮಾನದ ಫಾರ್ಮಸಿಸ್ಟ್ ಮತ್ತು ಅವನ ಬೇಸಿಗೆ ಕಾಟೇಜು

ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ವುಡ್ಸ್ ಹೋಲ್ ಬಂದರಿನಿಂದ ಫೆರಿ ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಮಾರ್ಥಾಸ್ ವಿನ್ಯಾರ್ಡ್ ದ್ವೀಪ. ಅಲ್ಲಿನ ಓಕ್ ಬ್ಲಫ್ಸ್ ಊರಿನ ನಡುವೆ ಸುಮಾರು 300 ಪುಟ್ಟ ಮರದ ಮನೆಗಳಿವೆ. ಗುಲಾಬಿ, ನೀಲಿ, ತಿಳಿಹಸಿರು ಬಣ್ಣ. ಸೂರಿನ ಅಂಚಿಗೆಲ್ಲ ಕಸೂತಿಯಂಥ ಕೆತ್ತನೆ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ಬಾಸ್ಟನ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಜಾಗಗಳಲ್ಲಿ ಇದೂ ಒಂದು. ನೋಡಿದವರು ಸಹಜವಾಗಿ ಕೇಳುವ ಪ್ರಶ್ನೆ: ಇವನ್ನು ಕಟ್ಟಿಸಿದವರು ಯಾರು? ಆಗರ್ಭ ಶ್ರೀಮಂತರಂತೂ ಅಲ್ಲ. ಅವರ ಅರಮನೆಗಳು ನ್ಯೂಪೋರ್ಟ್‌ನಲ್ಲಿದ್ದವು. ಇಲ್ಲಿ ಬಂದವರು ಅಂಗಡಿ ಇಟ್ಟವರು, ಕುಶಲಕರ್ಮಿಗಳು, ಪಾದ್ರಿಗಳು, ಔಷಧಿ ಅಂಗಡಿಯವರು.

ಆ ಕೊನೆಯವನನ್ನೇ ಇಲ್ಲಿ ಹಿಡಿದುಕೊಳ್ಳೋಣ. ದಿನವಿಡೀ ಗುಳಿಗೆ ಉರುಳಿಸುತ್ತಿದ್ದವನಿಗೆ ಸಮುದ್ರದ ಬದಿಯಲ್ಲಿ ಎರಡನೇ ಮನೆ ಹೇಗೆ ಕೈಗೆಟುಕಿತು ಎಂಬುದಕ್ಕೆ ಉತ್ತರ ಎರಡು ಕಡೆ ಇದೆ: ಅವನ ಅಂಗಡಿಯ ಬೇಸಿಗೆ ವ್ಯಾಪಾರದಲ್ಲಿ ಮತ್ತು ಆ ಮನೆಯ ಗೋಡೆಯಲ್ಲಿ.

ಬೇಸಿಗೆಗೆ ಕಡಲೇಕೆ?

ನಮ್ಮಲ್ಲಿ ಬೇಸಿಗೆ ಎಂದರೆ ಏಪ್ರಿಲ್, ಮೇ. ಆಗ ಮಂಗಳೂರಿನಲ್ಲಿ ಬೆವರು ಸುರಿಯುತ್ತದೆ, ಜನ ಮಡಿಕೇರಿಯ ಕಡೆ ಮುಖ ಮಾಡುತ್ತಾರೆ. ಮ್ಯಾಸಚೂಸೆಟ್ಸ್ ಸೇರಿದ ಈಶಾನ್ಯ ಅಮೆರಿಕದ ಸೀಮೆಯಾದ ನ್ಯೂ ಇಂಗ್ಲೆಂಡಿನ ಲೆಕ್ಕ ತಿರುಗುಮುರುಗು. ಅಲ್ಲಿ ಬೇಸಿಗೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೆ. ಒಳನಾಡಿನ ಊರುಗಳು ಕಾದು ಕುದಿಯುವಾಗ ಅಟ್ಲಾಂಟಿಕ್‌ನ ನೀರು 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. ಮಧ್ಯಾಹ್ನ ನೆಲ ಬಿಸಿಯಾಗಿ ಅದರ ಮೇಲಿನ ಗಾಳಿ ಏರಿದಾಗ ನೀರಿನ ಮೇಲಿನ ತಂಪು ಗಾಳಿ ದಡಕ್ಕೆ ನುಗ್ಗುತ್ತದೆ.

ತಂಪಿನ ಜೊತೆಗೆ ವೈದ್ಯರ ಸಲಹೆಯೂ ಸೇರಿಕೊಂಡಿತು. ಇಂಗ್ಲೆಂಡಿನ ಡಾಕ್ಟರ್ ರಿಚರ್ಡ್ ರಸೆಲ್ 1750ರಲ್ಲಿ ಗ್ರಂಥಿಗಳ ಕಾಯಿಲೆಗೆ ಸಮುದ್ರದ ನೀರೇ ಮದ್ದು ಎಂದು ಲ್ಯಾಟಿನ್‌ನಲ್ಲಿ ಪ್ರಬಂಧ ಬರೆದ. ಸ್ನಾನಕ್ಕಷ್ಟೇ ಅಲ್ಲ, ಕುಡಿಯಲಿಕ್ಕೂ! ಬ್ರೈಟನ್ ಎಂಬ ಮೀನುಗಾರರ ಊರು ವಿಹಾರಧಾಮವಾಗಿದ್ದು ಹಾಗೆ. ಮುಂದಿನ ನೂರು ವರ್ಷ 'ಕಡಲ ಗಾಳಿ' ಎಂಬುದು ಚೀಟಿಯಲ್ಲಿ ಬರೆದುಕೊಡುವ ಔಷಧದ ಹಾಗೆಯೇ ಇತ್ತು.

ಫಾರ್ಮಸಿಸ್ಟ್ ಎಂದರೆ ಆಗ ಯಾರು?

ಇಂದಿನ ಮೆಡಿಕಲ್ ಶಾಪ್‌ನಲ್ಲಿ ಕಂಪನಿಯಿಂದ ಬಂದ ಸ್ಟ್ರಿಪ್ ಎತ್ತಿ ಕೊಡುತ್ತಾರೆ. ಆಗ ಸ್ಟ್ರಿಪ್ ಇಲ್ಲ, ಕಂಪನಿಯ ಮಾತ್ರೆಯೂ ಅಪರೂಪ. ಬೇರು, ತೊಗಟೆ, ಲವಣ, ಅಫೀಮು ಎಲ್ಲ ಕಚ್ಚಾ ರೂಪದಲ್ಲಿ ಬರುತ್ತಿದ್ದವು. ವೈದ್ಯನ ಚೀಟಿ ನೋಡಿ, ಒಬ್ಬ ರೋಗಿಗೆಂದೇ, ಆ ಹೊತ್ತಿಗೆ ಮದ್ದು ತಯಾರಿಸಬೇಕು. ನಮ್ಮ ಹಳೆಯ ಆಸ್ಪತ್ರೆಗಳಲ್ಲಿ ಮಿಕ್ಸ್ಚರ್ ಕಲಸಿ ಬಾಟಲಿಗೆ ಸುರಿದು ಕೊಡುತ್ತಿದ್ದ ಕಾಂಪೌಂಡರ್ ಮಾಡುತ್ತಿದ್ದುದು ಇದೇ ಕೆಲಸ.

ವಿದ್ಯೆ ಹೆಚ್ಚಾಗಿ ಬಂದದ್ದು ಅಂಗಡಿಯಲ್ಲಿ ಕೆಲಸ ಮಾಡಿಯೇ. ಫಿಲಡೆಲ್ಫಿಯಾದಲ್ಲಿ 1821ರಲ್ಲಿ, ಬಾಸ್ಟನ್‌ನಲ್ಲಿ 1823ರಲ್ಲಿ ಫಾರ್ಮಸಿ ಕಾಲೇಜುಗಳು ಶುರುವಾದವು. ಯಾವ ಮದ್ದನ್ನು ಹೇಗೆ ತಯಾರಿಸಬೇಕೆಂದು ಹೇಳುವ ಅಮೆರಿಕದ ಔಷಧಕೋಶ ಮೊದಲು ಬಂದದ್ದು 1820ರಲ್ಲಿ. ಆದರೆ ಮ್ಯಾಸಚೂಸೆಟ್ಸ್‌ನಲ್ಲಿ ಪರೀಕ್ಷೆ, ನೋಂದಣಿ ನೋಡಿಕೊಳ್ಳುವ ಫಾರ್ಮಸಿ ಮಂಡಳಿ ಹುಟ್ಟಿದ್ದು 1885ರಲ್ಲಿ. ಅಲ್ಲಿಯವರೆಗೆ ಬೋರ್ಡು ತೂಗುಹಾಕಿದವನೆಲ್ಲ ಫಾರ್ಮಸಿಸ್ಟ್.

ಗುಳಿಗೆ ಆಗುತ್ತಿದ್ದ ಬಗೆ

ಮೊದಲು ಮದ್ದಿನ ಪುಡಿಯನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಅರೆಯಬೇಕು. ತೀಕ್ಷ್ಣವಾದ ಮದ್ದು ತೀರಾ ಕಡಿಮೆ ಪ್ರಮಾಣದಲ್ಲಿರುವುದರಿಂದ ಅದನ್ನು ಮೊದಲು ಅಷ್ಟೇ ತೂಕದ ಅತಿಮಧುರದ ಪುಡಿಯ ಜೊತೆ ಬೆರೆಸಿ, ಆ ಮಿಶ್ರಣಕ್ಕೆ ಮತ್ತೆ ಅಷ್ಟೇ ಪುಡಿ ಸೇರಿಸುತ್ತ ಹೋಗಬೇಕು. ಒಂದೇ ಸಲ ಸುರಿದು ಕಲಸಿದರೆ ಒಂದು ಗುಳಿಗೆಯಲ್ಲಿ ಏನೂ ಇರುವುದಿಲ್ಲ, ಇನ್ನೊಂದರಲ್ಲಿ ಎರಡು ಪಟ್ಟು. ಸ್ಟ್ರಿಕ್ನೈನ್‌ನಂಥ ವಿಷದ ವಿಷಯದಲ್ಲಿ ಇದು ಪ್ರಾಣಕ್ಕೇ ಸಂಚಕಾರ.

ಆಮೇಲೆ ಜೇನು, ಸಕ್ಕರೆ ಪಾಕ ಅಥವಾ ಅಂಟಿನ ದ್ರಾವಣವನ್ನು ಹನಿಹನಿಯಾಗಿ ಹಾಕಿ ನಾದಬೇಕು. ಮುದ್ದೆ ಬೆರಳಿಗೆ ಹತ್ತದೆ, ಒತ್ತಿದರೆ ಬಿರಿಯದೆ ಇದ್ದರೆ ಹದ ಬಂದಿದೆ ಎಂದರ್ಥ. ಅದನ್ನು ಹಲಗೆಯ ಮೇಲೆ ಬತ್ತಿಯಂತೆ ಹೊಸೆದು, ಗುಳಿಗೆ ಯಂತ್ರದ ಹಿತ್ತಾಳೆ ತೋಡುಗಳ ಮೇಲಿಟ್ಟು, ಅಂಥದೇ ತೋಡುಗಳಿರುವ ಮೇಲ್ಹಲಗೆಯನ್ನು ಹಿಂದೆ ಮುಂದೆ ಎಳೆದರೆ ಸಾಮಾನ್ಯವಾಗಿ 24 ತುಂಡುಗಳು. ಅವನ್ನು ದುಂಡು ಮಾಡಿ, ಅಂಟಿಕೊಳ್ಳದಂತೆ ಲೈಕೊಪೋಡಿಯಂ ಎಂಬ ಸಸ್ಯದ ಹಳದಿ ಬೀಜಕಣಗಳ ಪುಡಿಯಲ್ಲಿ ಹೊರಳಿಸಬೇಕು. ಒಂದು ಗುಳಿಗೆಯ ತೂಕ 1ರಿಂದ 5 ಗ್ರೇನ್, ಅಂದರೆ ಸುಮಾರು 65ರಿಂದ 325 ಮಿಲಿಗ್ರಾಂ.

ಇಲ್ಲಿ ಕೆಡುವುದಕ್ಕೆ ದಾರಿ ಹಲವು. ಪಾಕ ಹೆಚ್ಚಾದರೆ ಗುಳಿಗೆ ರಾತ್ರಿ ಕಳೆಯುವುದರೊಳಗೆ ಚಪ್ಪಟೆ. ಅಂಟು ಹೆಚ್ಚಾದರೆ ಒಣಗಿ ಕಲ್ಲಾಗಿ, ನುಂಗಿದ ಹಾಗೆಯೇ ಹೊರಗೆ ಹೋಗುತ್ತದೆ. ಎಲ್ಲಕ್ಕಿಂತ ಅಪಾಯಕಾರಿ ಪೊಟ್ಯಾಸಿಯಂ ಪರ್ಮಾಂಗನೇಟ್: ಅದು ಜೇನು, ಸಕ್ಕರೆ, ಗ್ಲಿಸರಿನ್ ಯಾವುದರ ಜೊತೆ ಸೇರಿದರೂ ಆಮ್ಲಜನಕ ಬಿಟ್ಟುಕೊಟ್ಟು ಹೊತ್ತಿಕೊಳ್ಳಬಹುದು. ಅದಕ್ಕೆಂದೇ ಬಿಳಿ ಜೇಡಿಯನ್ನು ವ್ಯಾಸಲಿನ್‌ನಲ್ಲಿ ಕಲಸಿ ಬಳಸುತ್ತಿದ್ದರು. ಅವೆರಡೂ ಅದರ ಜೊತೆ ಸುಲಭವಾಗಿ ವರ್ತಿಸುವುದಿಲ್ಲ.

ತೊಗಟೆ, ಬೇರುಗಳ ಸಾರ ತೆಗೆಯುವ ವಿಧಾನ ನಮ್ಮ ಫಿಲ್ಟರ್ ಕಾಫಿಯ ಡಿಕಾಕ್ಷನ್ನೇ. ಬಿಸಿನೀರಿನ ಬದಲು ಆಲ್ಕೋಹಾಲ್ ಬೆರೆತ ನೀರು, ಫಿಲ್ಟರಿನ ಬದಲು ಕೆಳಗೆ ಕಿರಿದಾಗುವ ಗಾಜಿನ ಪಾತ್ರೆ. ಪುಡಿಯನ್ನು ಗಟ್ಟಿಯಾಗಿ ಒತ್ತಿದರೆ ಹನಿಯೇ ಇಳಿಯದು. ಸಡಿಲ ಬಿಟ್ಟರೆ ದ್ರವ ಒಂದೇ ಬದಿಯಲ್ಲಿ ದಾರಿ ಕೊರೆದುಕೊಂಡು ನೀರಾಗಿ ಸೋರುತ್ತದೆ. ಒಂದು ವ್ಯತ್ಯಾಸವೆಂದರೆ, ಇಲ್ಲಿ ಪುಡಿಯನ್ನು ಮೊದಲೇ ಹೊರಗೆ ನೆನೆಸಿ ಉಬ್ಬಲು ಬಿಡಬೇಕು. ಒಣಪುಡಿ ತುಂಬಿದರೆ ಅದು ಒಳಗೇ ಉಬ್ಬಿ ಪಾತ್ರೆಯ ಬಾಯಿ ಕಟ್ಟುತ್ತದೆ.

ತೂಕದ ತೊಡಕು

ಸಗಟು ವ್ಯಾಪಾರಿಯಿಂದ ಕೊಳ್ಳುವಾಗ ಒಂದು ಔನ್ಸ್ ಎಂದರೆ 437.5 ಗ್ರೇನ್ (28.35 ಗ್ರಾಂ). ಚೀಟಿ ನೋಡಿ ಮದ್ದು ತೂಗುವಾಗ ಔನ್ಸ್ ಎಂದರೆ 480 ಗ್ರೇನ್ (31.1 ಗ್ರಾಂ). ಪೌಂಡಿನಲ್ಲಿ ಲೆಕ್ಕ ಉಲ್ಟಾ: ವ್ಯಾಪಾರದ ಪೌಂಡು 7000 ಗ್ರೇನ್, ಮದ್ದಿನ ಪೌಂಡು 5760. ಎರಡು ಜೊತೆ ತೂಕದ ಬಟ್ಟು ಒಂದೇ ಮೇಜಿನ ಮೇಲೆ!

ಅದಕ್ಕಿಂತ ಕೆಟ್ಟದ್ದು ಕೈಬರಹ. ಔಷಧ ತೂಕದಲ್ಲಿ 20 ಗ್ರೇನ್‌ಗೆ ಒಂದು ಸ್ಕ್ರೂಪಲ್, 3 ಸ್ಕ್ರೂಪಲ್‌ಗೆ ಒಂದು ಡ್ರಾಮ್, 8 ಡ್ರಾಮ್‌ಗೆ ಒಂದು ಔನ್ಸ್. ಡ್ರಾಮ್ ಮತ್ತು ಔನ್ಸ್‌ನ ಗುರುತುಗಳು ಎರಡೂ 3ರ ಅಂಕಿಯಂತಿದ್ದು, ಔನ್ಸ್‌ಗೆ ಮೇಲೊಂದು ಗೀಟು ಹೆಚ್ಚು. ಅವಸರದಲ್ಲಿ ಆ ಗೀಟು ಸೇರಿಹೋದರೆ ಪ್ರಮಾಣ ಎಂಟು ಪಟ್ಟು. ಆ ತಪ್ಪನ್ನು ಹಿಡಿಯಬೇಕಾದವನು ಫಾರ್ಮಸಿಸ್ಟೇ.

ಬೇಸಿಗೆಯ ಕಾಸು ಬಂದದ್ದು ಸೋಡಾದಿಂದ

ಔಷಧಿ ಅಂಗಡಿಯಲ್ಲಿ ಸೋಡಾ ಫೌಂಟನ್ ಇರುವುದು ಇಂದು ವಿಚಿತ್ರ ಎನಿಸಬಹುದು. ಗುಳ್ಳೆ ಬರುವ ಊಟೆನೀರು ಹೊಟ್ಟೆಗೆ ಒಳ್ಳೆಯದೆಂಬ ನಂಬಿಕೆಯಿಂದ ಅದು ಮೊದಲು ಮದ್ದಾಗಿಯೇ ಅಂಗಡಿಗೆ ಬಂತು. ಹಣ್ಣಿನ ಶರಬತ್ತು ಬೆರೆತ ಮೇಲೆ ಪಾನೀಯವಾಯಿತು. ಲೋಟಕ್ಕೆ 5 ಸೆಂಟ್. ಕಚ್ಚಾವಸ್ತು ನೀರು, ಸಕ್ಕರೆ, ಕಲ್ಲಿನ ಪುಡಿ.

ಕಲ್ಲಿನ ಪುಡಿ ಎಂದರೆ ನಿಜವಾಗಿಯೂ ಅಮೃತಶಿಲೆಯ ಪುಡಿ. ಸೀಸದ ಒಳಪದರವಿರುವ ಗಟ್ಟಿ ಪಾತ್ರೆಯಲ್ಲಿ ಅದರ ಮೇಲೆ ಗಂಧಕಾಮ್ಲವನ್ನು ಸ್ವಲ್ಪಸ್ವಲ್ಪವೇ ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಆ ಅನಿಲವನ್ನು ನೀರಿನ ಮೂಲಕ ಹಾಯಿಸಿ ತೊಳೆದು, ತಣ್ಣಗಿನ ನೀರು ತುಂಬಿದ ಪೀಪಾಯಿಗೆ ಒತ್ತಡದಲ್ಲಿ ನುಗ್ಗಿಸಿ, ಪೀಪಾಯಿಯನ್ನು ಅಲ್ಲಾಡಿಸಬೇಕು. ನೀರು ತಣ್ಣಗಿದ್ದಷ್ಟೂ ಅನಿಲ ಹೆಚ್ಚು ಕರಗುತ್ತದೆ. ಶಿಲೆಯ ದೊಡ್ಡ ಚೂರುಗಳನ್ನು ಹಾಕಿದರೆ ಕೆಲಸವಾಗದು: ಮೇಲ್ಮೈಯಲ್ಲಿ ಜಿಪ್ಸಂ ಪದರ ಕಟ್ಟಿ ಆಮ್ಲ ಒಳಗೆ ತಾಗುವುದಿಲ್ಲ. ಅದಕ್ಕೇ ಪುಡಿ, ಅದಕ್ಕೇ ಒಳಗೊಂದು ಕಡೆಗೋಲು. ಆಮ್ಲವನ್ನು ಒಮ್ಮೆಲೇ ಬಿಟ್ಟರೆ ಪಾತ್ರೆ ಸಿಡಿಯುವ ಭಯ. ಸೀಸದ ಕೊಳವೆ ಬಳಸಿದರೆ ಸೋಡಾ ಸೀಸವನ್ನು ಕರಗಿಸಿಕೊಂಡು ಗಿರಾಕಿಯ ಹೊಟ್ಟೆಗೆ ಒಯ್ಯುತ್ತದೆ, ಹಾಗಾಗಿ ತವರದ ಒಳಪದರ ಬೇಕಾಯಿತು.

ಬಾಸ್ಟನ್ ಸೀಮೆಯ ಜೇಮ್ಸ್ ವಾಕರ್ ಟಫ್ಟ್ಸ್ ಔಷಧಿ ಅಂಗಡಿಯಲ್ಲಿ ಕೆಲಸ ಕಲಿತವನು. ಸ್ವಂತ ಅಂಗಡಿಗಳನ್ನು ನಡೆಸಿ, ಸೋಡಾ ಫೌಂಟನ್‌ಗಳ ತಯಾರಿಕೆಗೆ ಇಳಿದು ಸಿರಿವಂತನಾದ. 1895ರಲ್ಲಿ ಅವನು ಉತ್ತರ ಕೆರೊಲಿನಾದಲ್ಲಿ ಪೈನ್‌ಹರ್ಸ್ಟ್ ಎಂಬ ಇಡೀ ವಿಹಾರಧಾಮವನ್ನೇ ಕಟ್ಟಿಸಿದ. ಅಷ್ಟು ದುಡಿಯದ ಸಾಮಾನ್ಯ ಫಾರ್ಮಸಿಸ್ಟ್‌ಗೂ ಜುಲೈ, ಆಗಸ್ಟ್‌ನಲ್ಲಿ ಗಲ್ಲಾಪೆಟ್ಟಿಗೆ ತುಂಬುತ್ತಿತ್ತು. ತೊಂದರೆಯೆಂದರೆ ಅದೇ ತಿಂಗಳಲ್ಲಿ ಅಂಗಡಿ ಬಿಟ್ಟು ಹೋಗುವಂತಿಲ್ಲ. ಇಂಥ ಅಂಗಡಿಯವರಿಗೆ ರೈಲು, ಹಡಗಿನ ವೇಳಾಪಟ್ಟಿಯೇ ಆಧಾರ: ಹೆಂಡತಿ ಮಕ್ಕಳು ಕಡಲೂರಿನಲ್ಲಿ, ಯಜಮಾನ ಶನಿವಾರ ಬಂದು ಸೋಮವಾರ ವಾಪಸ್. ವುಡ್ಸ್ ಹೋಲ್‌ಗೆ ರೈಲು ಬಂದದ್ದು 1872ರಲ್ಲಿ. ಬಾಸ್ಟನ್‌ನಿಂದ ದ್ವೀಪಕ್ಕೆ ಹೋಗುವುದು ಆ ಮೇಲೆ ತೀರಾ ಸಲೀಸಾಯಿತು.

ಡೇರೆಯಿಂದ ಮನೆಗೆ

ಓಕ್ ಬ್ಲಫ್ಸ್‌ನ ಕಾಟೇಜುಗಳ ಆಕಾರ ಅರ್ಥವಾಗಬೇಕಾದರೆ 1835ಕ್ಕೆ ಹೋಗಬೇಕು. ಆ ವರ್ಷ ಮೆಥಡಿಸ್ಟ್ ಪಂಥದ ಕ್ರೈಸ್ತರು ಅಲ್ಲಿನ ಓಕ್ ತೋಪಿನಲ್ಲಿ ಡೇರೆ ಹಾಕಿ ಪ್ರಾರ್ಥನಾ ಕೂಟ ನಡೆಸಿದರು. ವರ್ಷವರ್ಷವೂ ಬಂದರು. ಡೇರೆಗೆ ಮರದ ನೆಲ ಬಂತು, ಆಮೇಲೆ ಮರದ ಮುಂಭಾಗ, 1850ರ ದಶಕ ಮುಗಿಯುವ ಹೊತ್ತಿಗೆ ಪೂರ್ತಿ ಮರದ ಮನೆ. ಜಾಗ ಮಾತ್ರ ಡೇರೆಯದ್ದೇ. ಮನೆಗಳು ಅಷ್ಟು ಒತ್ತೊತ್ತಾಗಿರುವುದು ಇದರಿಂದಲೇ. ಬಾಗಿಲು ಎರಡು ಕದದ್ದು, ಡೇರೆಯ ಬಾಯಿಯ ಹಾಗೆ ಎರಡೂ ಬದಿಗೆ ತೆರೆಯುತ್ತದೆ. ಮೇಲೆ ಬಾಲ್ಕನಿ, ಅದಕ್ಕೂ ಜೋಡಿ ಕದ. ಒಳಗಿನ ಮೆಟ್ಟಿಲು ಏಣಿಯಷ್ಟು ಕಿರಿದಾದ್ದರಿಂದ ಮಂಚ, ಪೆಟ್ಟಿಗೆಗಳನ್ನು ಹೊರಗಿನಿಂದ ಆ ಕದದ ಮೂಲಕವೇ ಏರಿಸುವುದು.

ನೆಲ ಇಂದಿಗೂ ಕೂಟದ ಸಂಘಕ್ಕೆ ಸೇರಿದ್ದು. ಮನೆ ಮಾತ್ರ ಅದರ ಒಡೆಯನದ್ದು. ನಿವೇಶನಕ್ಕೆ ದುಡ್ಡು ಸುರಿಯಬೇಕಿಲ್ಲ ಎಂಬುದು ಸಣ್ಣ ಅಂಗಡಿಯವನಿಗೆ ದೊಡ್ಡ ಅನುಕೂಲವೇ ಆಗಿತ್ತು.

ಪ್ರಾರ್ಥನೆಗಿಂತ ಗಾಳಿ ಸೇವನೆಗೆ ಬರುವವರು ಹೆಚ್ಚಾಗುತ್ತಿದ್ದುದನ್ನು ಕಂಡು 1866ರಲ್ಲಿ ಒಂದು ಜಮೀನು ಕಂಪನಿ ಪಕ್ಕದಲ್ಲೇ ಸಮುದ್ರಕ್ಕೆ ಮುಖ ಮಾಡಿದ ಬಡಾವಣೆ ಹಾಕಿತು. ಅಲ್ಲಿ ದೊಡ್ಡ ಕಾಟೇಜು ಕಟ್ಟಿಸಿದವರಲ್ಲಿ ಡಾಕ್ಟರ್ ಹ್ಯಾರಿಸನ್ ಟಕ್ಕರ್ ಒಬ್ಬ. ಅವನದು ಬೆವರಿಳಿಸುವ ಸಿದ್ಧೌಷಧದ ವ್ಯಾಪಾರ. 1874ರ ಆಗಸ್ಟ್‌ನಲ್ಲಿ ಅಧ್ಯಕ್ಷ ಗ್ರಾಂಟ್ ದ್ವೀಪಕ್ಕೆ ಬಂದಾಗ ಬಾಣಬಿರುಸು ನೋಡಿದ್ದು ಟಕ್ಕರನ ಕಾಟೇಜಿನಿಂದ. ಚೀಟಿ ನೋಡಿ ಮದ್ದು ಕಲಸುವವನಿಗೂ ಸಿದ್ಧೌಷಧ ಮಾರುವವನಿಗೂ ಇದ್ದ ಅಂತರ ಇಲ್ಲೇ ಕಾಣುತ್ತದೆ. ಮೊದಲಿನವನು ಒಂದು ಊರಿನ ರೋಗಿಗಳಿಗೆ ಒಂದೊಂದಾಗಿ ಮದ್ದು ಮಾಡಬೇಕು. ಎರಡನೆಯವನು ಒಂದೇ ಗುಟ್ಟಿನ ಸೂತ್ರವನ್ನು ಸಾವಿರಾರು ಬಾಟಲಿಗೆ ತುಂಬಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರಾಯಿತು. ಇಂಥ ಬಾಟಲಿಗಳಲ್ಲಿ ಆಲ್ಕೋಹಾಲ್, ಅಫೀಮು ಇದ್ದರೆ ಲೇಬಲ್ ಮೇಲೆ ಹೇಳಲೇಬೇಕೆಂದು ಕೇಂದ್ರ ಸರ್ಕಾರದ ಕಾನೂನು ಬಂದದ್ದು 1906ರಲ್ಲಿ.

ಒಂದೇ ಪದರದ ಗೋಡೆ

ಆ ಕಾಲದ ಅಮೆರಿಕದ ಸಾಮಾನ್ಯ ಮರದ ಮನೆಯಲ್ಲಿ ಸುಮಾರು 16 ಅಂಗುಲಕ್ಕೊಂದು ನಿಲುಗಂಬ, ಹೊರಗೆ ಹಲಗೆ, ಒಳಗೆ ತೆಳು ಪಟ್ಟಿ ಬಡಿದು ಗಾರೆ. ತೋಪಿನ ಕಾಟೇಜಿನಲ್ಲಿ ಇದ್ಯಾವುದೂ ಇಲ್ಲ. ತಳದಲ್ಲಿ ಗಿಡ್ಡ ಕಂಬಗಳ ಮೇಲೆ ಕೂರಿಸಿದ ತೊಲೆ, ನಾಲ್ಕು ಮೂಲೆಗೆ ಕಂಬ, ಮೇಲೊಂದು ಅಡ್ಡತೊಲೆ. ನಡುವೆ ಸುಮಾರು ಒಂದಂಗುಲ ದಪ್ಪದ ಪೈನ್ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ ಮೊಳೆ ಹೊಡೆದರೆ ಗೋಡೆ ಮುಗಿಯಿತು. ಹೊರಗೆ ಕಾಣುವ ಹಲಗೆಯ ಇನ್ನೊಂದು ಮುಖವೇ ಒಳಗೋಡೆ. ಭಾರ ಹೊರುವುದೂ ಆ ಹಲಗೆಗಳೇ.

ಇದು ಸಾಧ್ಯವಾದದ್ದು ಹಬೆಯ ಗರಗಸದ ಕಾರ್ಖಾನೆಯಿಂದ. ಪ್ರತಿ ಹಲಗೆಯ ಒಂದು ಅಂಚಿನಲ್ಲಿ ಉದ್ದಕ್ಕೂ ಏಣು, ಇನ್ನೊಂದು ಅಂಚಿನಲ್ಲಿ ಆ ಏಣು ಕೂರುವ ತೋಡು ಯಂತ್ರದಿಂದಲೇ ಕೊರೆದು ಬರುತ್ತಿತ್ತು. ಒಂದರೊಳಗೊಂದು ಕೂತಾಗ ಗಾಳಿ, ಮಳೆ ಒಳಗೆ ನುಗ್ಗದು, ಹಲಗೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಆದರೆ ಮರ ತೇವದಲ್ಲಿ ಅಗಲವಾಗುತ್ತದೆ. ಒಣಗಿದ ಹಲಗೆಗಳನ್ನು ತೀರಾ ಬಿಗಿಯಾಗಿ ಜೋಡಿಸಿದರೆ ಮೊದಲ ಮಂಜಿನ ವಾರದಲ್ಲೇ ಗೋಡೆ ಹೊಟ್ಟೆ ಬಿಡುತ್ತದೆ. ಹಸಿ ಹಲಗೆ ಜೋಡಿಸಿದರೆ ಒಣಗಿದ ಮೇಲೆ ಏಣು ತೋಡಿನಿಂದ ಈಚೆ ಬಂದು ಬೆಳಕು ಕಾಣುತ್ತದೆ.

ಸೂರಿನ ಅಂಚಿನ ಕಸೂತಿಯೂ ಯಂತ್ರದ ಕೂಸೇ. ಹಲಗೆಯ ಮೇಲೆ ಅಚ್ಚಿಟ್ಟು ಗೆರೆ ಎಳೆದು, ಒಳಗಿನ ಕಿಂಡಿಗಳಿಗೆ ಮೊದಲು ತೂತು ಕೊರೆದು, ತೆಳು ಗರಗಸದ ಅಲಗನ್ನು ಅದರೊಳಗೆ ಪೋಣಿಸಿ ಗೆರೆಗುಂಟ ಕತ್ತರಿಸುವುದು. ಒಂದು ಅಚ್ಚಿನಿಂದ ಎಷ್ಟು ಬೇಕಾದರೂ ತೆಗೆಯಬಹುದು. ಸಿರಿವಂತಿಕೆಯ ನೋಟ, ಬಡಗಿಯ ಕೂಲಿ ಮಾತ್ರ ಕಡಿಮೆ.

ಮೊದಮೊದಲ ಕಾಟೇಜುಗಳಲ್ಲಿ ಅಡುಗೆಮನೆ, ಹೊಗೆಗೂಡು ಇರಲಿಲ್ಲ. ಅಡುಗೆ ಹಿಂದಿನ ಡೇರೆಯಲ್ಲಿ, ಇಲ್ಲವೇ ಊಟ ಸಾರ್ವಜನಿಕ ಭೋಜನದ ಡೇರೆಯಲ್ಲಿ. ಇಟ್ಟಿಗೆ ಕೆಲಸ, ಗಾರೆ ಕೆಲಸ ಎರಡೂ ಉಳಿಯಿತೆಂದರೆ ಖರ್ಚು ಎಷ್ಟು ಇಳಿದಿರಬೇಕೆಂದು ಮನೆ ಕಟ್ಟಿಸಿದವರಿಗೆ ಹೇಳಬೇಕಾಗಿಲ್ಲ.

ಎಲ್ಲಿ ಕೆಡುತ್ತದೆ

ಮೊದಲು ಕೊಳೆಯುವುದು ತಳದ ತೊಲೆ. ಹಲಗೆಯ ಕೆಳತುದಿ ಕಡಿದ ಭಾಗವಾದ್ದರಿಂದ ನೀರನ್ನು ಹೀರುತ್ತದೆ, ಆ ತೇವ ತೊಲೆಗೆ ಇಳಿಯುತ್ತದೆ, ಕೆಳಗೆ ಗಾಳಿಯಾಡದಿದ್ದರೆ ಶಿಲೀಂಧ್ರ ಹಿಡಿಯುತ್ತದೆ. ಕಟ್ಟಡದ ತಳವನ್ನು ಮಣ್ಣಿನಿಂದ ಮೇಲೆ ಇಡುವುದು ಅದಕ್ಕೇ. ಎರಡನೆಯದು ಮೊಳೆ. ಉಪ್ಪುಗಾಳಿಯ ಕ್ಲೋರೈಡ್ ಕಬ್ಬಿಣವನ್ನು ಬೇಗ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಸುತ್ತಲಿನ ಮರ ಸೀಳುತ್ತದೆ, ಬಣ್ಣದ ಮೇಲೆ ಕೆಂಪು ಕಲೆ ಇಳಿಯುತ್ತದೆ. ಮೂರನೆಯದು ಬೆಂಕಿ. ಒತ್ತೊತ್ತಾದ ಒಣಮರದ ಊರಿನಲ್ಲಿ ಅದರ ಭಯ ಸದಾ ಇತ್ತು. ಅಲ್ಲಿ 1872ರಲ್ಲಿ ಕಟ್ಟಿದ್ದ ಸೀ ವ್ಯೂ ಹೋಟೆಲ್ 1892ರಲ್ಲಿ ಸುಟ್ಟು ಬೂದಿಯಾಯಿತು.

ಇಂದು ದುರಸ್ತಿ ಮಾಡುವವರಿಗೆ ಹೊಸ ತಲೆನೋವು: ಗೋಡೆಯಲ್ಲಿ ಟೊಳ್ಳೇ ಇಲ್ಲದಿದ್ದರೆ ವಿದ್ಯುತ್ ತಂತಿ, ನೀರಿನ ಕೊಳವೆ ಎಲ್ಲಿ ಅಡಗಿಸುವುದು? ಹಲಗೆಯ ಮೇಲೇ ಓಡಿಸಬೇಕು. ಚಳಿ ತಡೆಯುವ ಪದರ ಹಾಕಲು ಹೋದರೆ ಒಳಗಿನ ಮರದ ಅಂದವೇ ಮುಚ್ಚಿಹೋಗುತ್ತದೆ.

ಕಾಟೇಜಿನ ಮದ್ದಿನ ಪೆಟ್ಟಿಗೆ

ಫಾರ್ಮಸಿಸ್ಟ್ ತಂದಿಟ್ಟುಕೊಳ್ಳಬಹುದಾಗಿದ್ದ ಮದ್ದುಗಳು ಆ ಕಾಲದ ಯಾವ ಮನೆಯಲ್ಲೂ ಇರುವಂಥವೇ: ಜ್ವರಕ್ಕೆ ಕ್ವಿನೈನ್, ಭೇದಿಗೆ ಕರ್ಪೂರ ಬೆರೆಸಿದ ಅಫೀಮಿನ ಸಾರ, ಕೀಟ ಕಚ್ಚಿದರೆ ಅಮೋನಿಯಾ, ವಾಂತಿ ಮಾಡಿಸಲು ಇಪಿಕಾಕ್. ಬಿಸಿಲಿಗೆ ಸುಟ್ಟ ಚರ್ಮಕ್ಕೆ ಪನ್ನೀರಿನ ಮುಲಾಮು. ಶತಮಾನದ ಕೊನೆಯ ಔಷಧಕೋಶದ ಪ್ರಕಾರ ಅದರ ಅಳತೆ: ಸ್ಪರ್ಮಸೆಟಿ 125 ಗ್ರಾಂ, ಬಿಳಿ ಜೇನುಮೇಣ 120 ಗ್ರಾಂ, ಬಾದಾಮಿ ಎಣ್ಣೆ 600 ಮಿಲಿಲೀಟರ್, ಬಿಳಿಗಾರ 5 ಗ್ರಾಂ, ಗಾಢ ಪನ್ನೀರು 190 ಮಿಲಿಲೀಟರ್. ಮೇಣಗಳನ್ನು ಬಿಸಿನೀರಿನ ಮೇಲೆ ಕರಗಿಸಿ ಎಣ್ಣೆ ಸೇರಿಸಿ, ಬಿಳಿಗಾರ ಕರಗಿಸಿದ ಪನ್ನೀರನ್ನು ಬೆಚ್ಚಗೆ ಮಾಡಿ ಸುರಿದು, ತಣ್ಣಗಾಗುವವರೆಗೆ ಕೈ ಬಿಡದೆ ತಿರುವಬೇಕು. ಪನ್ನೀರು ತಣ್ಣಗಿದ್ದರೆ ಮೇಣ ತಟಕ್ಕನೆ ಹೆಪ್ಪುಗಟ್ಟಿ ಗಂಟು ಗಂಟಾಗುತ್ತದೆ. ಬಿಳಿಗಾರವು ಜೇನುಮೇಣದ ಆಮ್ಲದ ಜೊತೆ ಸೇರಿ ಒಂದು ಬಗೆಯ ಸಾಬೂನಾಗಿ ಎಣ್ಣೆ, ನೀರು ಬೇರಾಗದಂತೆ ಹಿಡಿಯುತ್ತದೆ.

ಸ್ಪರ್ಮಸೆಟಿ ಎಂದರೆ ಸ್ಪರ್ಮ್ ತಿಮಿಂಗಿಲದ ತಲೆಯಿಂದ ತೆಗೆದ ಮೇಣ. ದ್ವೀಪದ ಎದುರು ದಡದ ನ್ಯೂ ಬೆಡ್‌ಫರ್ಡ್ ತಿಮಿಂಗಿಲ ಬೇಟೆಯ ದೊಡ್ಡ ಬಂದರು. ಬಾದಾಮಿ ಎಣ್ಣೆ ದಿನ ಕಳೆದರೆ ಮುಗ್ಗಲು ವಾಸನೆ ಹೊಡೆಯುತ್ತದೆ, ಮುಲಾಮು ಹಳೆಯದಾದರೆ ಚರ್ಮ ಉರಿಸುತ್ತದೆ. 1872ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಚೀಸ್‌ಬ್ರೋ ಪೇಟೆಂಟ್ ಪಡೆದ ವ್ಯಾಸಲಿನ್‌ಗೆ ಈ ದೋಷವಿರಲಿಲ್ಲ.

ಕಡಲಗಾಳಿಯಿಂದ ಗುಣವಾಗುತ್ತಿತ್ತೇ?

ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ, ಅದರಲ್ಲಿ ಬಹುಪಾಲು ಅಡುಗೆ ಉಪ್ಪು. ಮೆಗ್ನೀಷಿಯಂ ಲವಣವೂ ಇರುವುದರಿಂದ ಕುಡಿದರೆ ಭೇದಿಯಾಗುತ್ತದೆ. ರಸೆಲ್‌ನ ರೋಗಿಗಳಿಗೆ 'ಒಳಗೆ ಶುದ್ಧಿಯಾಯಿತು' ಅನಿಸಿದ್ದರೆ ಕಾರಣ ಇದೇ. 1811ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಕೂರ್ಟ್ವಾ ಕಡಲಪಾಚಿಯ ಬೂದಿಯಿಂದ ಅಯೋಡಿನ್ ಕಂಡುಹಿಡಿದ ಮೇಲೆ, 1820ರಲ್ಲಿ ಜಿನೀವಾದ ವೈದ್ಯ ಕ್ವಾಂಡೇ ಅದನ್ನು ಕತ್ತು ಊದುವ ಗಳಗಂಡಕ್ಕೆ ಕೊಟ್ಟ ಮೇಲೆ, ಕಡಲ ಸ್ನಾನದ ಗುಣವೂ ಅಯೋಡಿನ್ನಿನದೇ ಎಂದು ಹಲವರು ಭಾವಿಸಿದರು. ಲೆಕ್ಕ ಒಪ್ಪುವುದಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 0.06 ಮಿಲಿಗ್ರಾಂ ಅಯೋಡಿನ್ ಮಾತ್ರ ಇದೆ, ಅದೂ ಚರ್ಮದ ಮೂಲಕ ಒಳಗೆ ಹೋಗುವುದಿಲ್ಲವೆಂದೇ ಹೇಳಬೇಕು. ಪಾಚಿ ಅದನ್ನು ಹೀರಿ ಕೂಡಿಡುತ್ತದೆ, ಹಾಗಾಗಿ ಪಾಚಿಯ ಬೂದಿ ಕೆಲಸ ಮಾಡಿತು.

ರಸೆಲ್ ಹೇಳಿದ ಗ್ರಂಥಿಗಳ ಕಾಯಿಲೆ, ಅಂದರೆ ಗಂಡಮಾಲೆ, ಬಹುತೇಕ ಕತ್ತಿನ ಗ್ರಂಥಿಗಳ ಕ್ಷಯ. ಜರ್ಮನಿಯ ವಿಜ್ಞಾನಿ ಕಾಕ್ ಕ್ಷಯದ ಬ್ಯಾಕ್ಟೀರಿಯಾ ತೋರಿಸಿದ್ದು 1882ರಲ್ಲಿ. ಕಡಲಗಾಳಿ ಅದನ್ನು ಕೊಲ್ಲಲಾರದು. ಆದರೆ ಬಿಸಿಲು, ವಿಶ್ರಾಂತಿ, ಹೊಟ್ಟೆತುಂಬ ಊಟ ಸಿಕ್ಕ ಮಗು ಹೊಗೆ ತುಂಬಿದ ಓಣಿಯ ಮಗುವಿಗಿಂತ ಗಟ್ಟಿಯಾಗುತ್ತದೆ. ಮೂಳೆ ಮೆದುವಾಗುವ ರಿಕೆಟ್ಸ್ ಬಿಸಿಲಿನಿಂದ ನಿಜಕ್ಕೂ ವಾಸಿಯಾಗುತ್ತದೆ. ಇನ್ನೂ ಮುಖ್ಯವಾದದ್ದು, ಜುಲೈ, ಆಗಸ್ಟ್‌ನಲ್ಲಿ ನಗರದಲ್ಲಿ ಕೆಟ್ಟ ಹಾಲು, ಕೊಳಕು ನೀರಿನಿಂದ ಹಸುಳೆಗಳಿಗೆ ಬರುತ್ತಿದ್ದ ಬೇಸಿಗೆಯ ಭೇದಿ. ಕೂಸನ್ನು ಆ ಎರಡು ತಿಂಗಳು ಊರಾಚೆ ಇಟ್ಟವರ ಮನೆಯಲ್ಲಿ ಕೂಸು ಬದುಕಿ ಉಳಿಯುವ ಸಾಧ್ಯತೆ ಹೆಚ್ಚಿತ್ತು. ಆದರೆ ತೋಪಿನ ಬಾವಿಗಳು ಶೌಚದ ಗುಂಡಿಗಳಿಗೆ ಹತ್ತಿರವಿದ್ದರೆ ಅದೇ ಕಾಯಿಲೆ ಅಲ್ಲಿಗೂ ಬರುವ ಅಪಾಯವಿತ್ತು.

ಒಳಗೆ ಹೋಗಿ ನೋಡಬೇಕೆನ್ನುವವರಿಗೆ ಟ್ರಿನಿಟಿ ಪಾರ್ಕ್‌ನಲ್ಲಿ ಒಂದು ಕಾಟೇಜನ್ನು ಸಂಘ ಮ್ಯೂಸಿಯಂ ಆಗಿ ಇಟ್ಟಿದೆ. ಅದು ತೆರೆದಿರುವುದು ಬೇಸಿಗೆಯ ಕಾಲದಲ್ಲಿ. ಒಳಗೋಡೆಯ ಹಲಗೆಗಳ ನಡುವಿನ ಗೆರೆಗಳನ್ನು ನೋಡಿ, ಹೊರಗೆ ಬಂದು ಅದೇ ಜಾಗದಲ್ಲಿ ಹುಡುಕಿದರೆ ಅದೇ ಗೆರೆಗಳು ಕಾಣುತ್ತವೆ.